ಪಾರವ್ವ ಕಂಡ ಬೆಳಕು

ಯಮನವ್ವ ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ಅಕ್ಕ ಪಾರವ್ವ ಬಂದು ನಿಂತಳು. ಇಷ್ಟು ಬೆಳಿಗ್ಗೆ ಘೋಡಗೇರಿ ಮುಟ್ಟಬೇಕೆಂದರೆ ಅವಳು ತನ್ನೂರು ಮಸಗುಪ್ಪಿಯಲ್ಲಿ ರಾತ್ರಿಯೇ ಗಾಡಿ ಹೂಡಿರಬೇಕು. ಯಾರು ತೀರಿಕೊಂಡರೋ ಎಂದು ಯಮನವ್ವ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಯಾರೂ ಸತ್ತಿರಲಿಲ್ಲ. ಪಾರವ್ವ ಒಲೆಯ ಬಾಜೂ ಕೂತಳು. ಕೊಟ್ಟ ನೀರನ್ನು ಕುಡಿಯದೆ ತಂಬಿಗೆ ಹಿಡಿದುಕೊಂಡೇ ಇದ್ದಳು.

ಒಳಕೋಣೆಯಲ್ಲಿ ಯಮನವ್ವನ ಹತ್ತು ವರ್ಷದ ಮಗಳು ಸುಂದ್ರವ್ವ ಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ಎವೆಯಿಕ್ಕದ ನೋಟ. ನೋಟ ನಿಂತರೆ ಲಿಂಗದೊಳಗಿಂದ ಬೆಳಕು ಏಳುತ್ತದೆಂದು ಈ ಮನೆತನದವರೆಲ್ಲ ನಂಬಿದ್ದರು. ಪಾರವ್ವ ಹನ್ನೆರಡರ ಹುಡುಗಿಯಾಗಿದ್ದಾಗ, ಅವರ ಅಜ್ಜ, ಮುತ್ಯಾ, ಪೂಜೆಗೆ ಕೂರಿಸಿದ್ದ ದಿನ ಅದನ್ನು ಕಂಡವಳು. ಮಠದ ಅಯ್ಯನವರು ಅವಳಿಗೆ ಶಾಲು ಹೊದಿಸಿದ್ದರು. ಈಗಲೂ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಅವಳ ಮನೆ ಹುಡುಕಿಕೊಂಡು ಬರುತ್ತಿದ್ದರು.

ಯಮನವ್ವನಿಗೆ ಮಾತ್ರ ಇಪ್ಪತ್ತು ವರ್ಷ ಕೂತರೂ ಏನೂ ಕಂಡಿರಲಿಲ್ಲ. ಪ್ಲೇಗು ಬಂದು ಊರೇ ಹೊಲದ ಗುಡಿಸಲುಗಳಿಗೆ ಹೋಗಿದ್ದ ವರ್ಷ, ಅವಳ ಚೊಚ್ಚಲ ಗಂಡುಕೂಸು ಜ್ವರದಲ್ಲಿ ಬೇಯುತ್ತಿತ್ತು. ಲಿಂಗ ಹಿಡಿದು ಬೇಡಿಕೊಂಡಳು; ಕೂಸು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಪಾರವ್ವ ಅವಳ ಬೆನ್ನು ಸವರುತ್ತ, ನಿನ್ನ ಚಿತ್ತ ನಿಂತಿದ್ದರೆ ಶಿವ ಕಣ್ಣು ತೆರೆಯುತ್ತಿದ್ದ ಎಂದಳು. ಹನ್ನೆರಡು ವರ್ಷವಾದರೂ ಆ ಮಾತು ಯಮನವ್ವನನ್ನು ಬಿಟ್ಟಿರಲಿಲ್ಲ. ತನ್ನ ಗತಿ ಮಗಳಿಗೆ ಬರಬಾರದೆಂದು, ಧೈರ್ಯ ತುಂಬಲು, ತನಗೂ ಒಮ್ಮೆ ಕಂಡಿತ್ತೆಂದು ಅವಳಿಗೆ ಸುಳ್ಳು ಹೇಳಿದ್ದಳು. ಅಂದಿನಿಂದ ಹುಡುಗಿ ಕಣ್ಣಲ್ಲಿ ನೀರು ಸುರಿದರೂ ಏಳುತ್ತಿರಲಿಲ್ಲ.

ಪಾರವ್ವ ಕೊನೆಗೂ ಬಾಯಿ ಬಿಟ್ಟಳು. ಹೋದ ವಾರ ಮಸಗುಪ್ಪಿಯ ಅಲ್ಲವ್ವನ ಮಗಳು ಬೆಳಕು ಕಾಣಲೆಂದು ಮೂರು ದಿನ ಅನ್ನ ಬಿಟ್ಟು ಕೂತು ಎಚ್ಚರ ತಪ್ಪಿ ಬಿದ್ದಳಂತೆ. ಎಚ್ಚರವಾದೊಡನೆ, ನನ್ನೊಳಗೆ ಏನು ಕೊಳೆಯಿದೆ ಎಂದು ಪಾರವ್ವನನ್ನೇ ಕೇಳಿದಳಂತೆ.

"ನನಗ ಏನೂ ಕಂಡಿಲ್ಲ, ಯಮನಾ," ಎಂದಳು ಪಾರವ್ವ. "ಮುತ್ಯಾ ಏಳಗೊಡಲಿಲ್ಲ. ಕಾಲು ಜೋಮು ಹಿಡದಿದ್ದುವು. ಬೆಳಕ ಕಂಡಿತು ಅಂದ್ಬಿಟ್ಟೆ. ಮುತ್ಯಾ ಖುಷಿಲೆ ಅತ್ತ. ಆಮ್ಯಾಲ ಹೆಂಗ ತಿರುಗಿಸಿ ಹೇಳಲಿ?"

ಯಮನವ್ವ ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿದಳು.

"ನನ್ನ ಕೂಸ ಹೋದಾಗರ ಹೇಳಬೇಕಿತ್ತಲ್ಲ, ಅಕ್ಕಾ."

"ಅವತ್ತ ಹೇಳಿದ್ರ ನಿನಗ ಏನ ಉಳೀತಿತ್ತು?"

"ಈಗೇನ ಉಳದೈತಿ? ನಾನ ಕೊಂದೆ ಅನ್ಕೊಂಡ ಬಾಳೇ ಮಾಡೇನಿ. ನೀ ನೋಡಕೋತ ಕುಂತಿ."

ಪಾರವ್ವ ಕೈ ಚಾಚಿದಳು. ಯಮನವ್ವ ಹಿಂದೆ ಸರಿದಳು. ಕೂಸಿನ ಮುಖ ನೆನಪಿಗೆ ಬಂದಾಗಲೆಲ್ಲ ಅದರೆದುರು ತಪ್ಪೊಪ್ಪಿಕೊಂಡಿದ್ದಳು. ಒಮ್ಮೆಯೂ ಸಮಾಧಾನವಾಗಿ ಅತ್ತಿರಲಿಲ್ಲ. ಆ ಅಳುವನ್ನೂ ಅಕ್ಕ ಕಸಿದುಕೊಂಡಿದ್ದಳು.

ಹೊಸ್ತಿಲಲ್ಲಿ ಸುಂದ್ರವ್ವ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಲಿಂಗ ಇನ್ನೂ ಅಂಗೈಯಲ್ಲೇ ಇತ್ತು, ಕಣ್ಣುಗಳು ಕೆಂಪಾಗಿದ್ದವು. ಪಾರವ್ವ ಗೋಡೆಯತ್ತ ಮುಖ ತಿರುಗಿಸಿದಳು. ಹುಡುಗಿ ದೊಡ್ಡವ್ವನನ್ನು ನೋಡಲೇ ಇಲ್ಲ.

"ಅವ್ವಾ," ಎಂದಳು, "ನಿನಗರ ಖರೇನ ಕಂಡಿತ್ತೇನು?"