ಗೆರೆ ಎಳೆದ ಪುಸ್ತಕ

ಹಸಿರು, ಥೇಟ್ ಪಾಚಿಯ ಹಸಿರು, ಕಡಾಯಿಯಿಂದ ಎತ್ತಿದ ನೂಲಿನ ಲಡಿ ಕೋಲಿನ ಮೇಲೆ ತೊಟ್ಟಿಕ್ಕುತ್ತಿದೆ, ಪರೀಕ್ಷೆ ಮಾಡಲು ಬಾಗಲಕೋಟೆಯಿಂದ ಬಂದ ಸಾಹೇಬ ಕೇಳಿದ್ದು ಇಷ್ಟೇ, ಅಂದಪ್ಪ, ಇದು ಈಗ ನೀಲಿ ಆಗ್ತೈತಿ, ಯಾಕ ಹೇಳು — ಯಾಕೆ, ಅವನಿಗೆ ಗೊತ್ತಿಲ್ಲವೇ, ಬಣ್ಣ ಹಾಕುವ ಪುಸ್ತಕವನ್ನು ಮೂರು ಸಲ ಓದಿದವನಿಗೆ, ಸಾಲು ಸಾಲಿಗೂ ಕೆಂಪು ಪೆನ್ಸಿಲ್ಲಿನ ಗೆರೆ ಎಳೆದವನಿಗೆ, ನೇಕಾರರ ಸೊಸೈಟಿಯ ಬಣ್ಣದ ಮೇಸ್ತ್ರಿಯಾಗಲು ಇಳಕಲ್ಲಿನಲ್ಲಿ ಇನ್ಯಾರಿದ್ದಾರೆ, ಇದೇ ನೌಕರಿಗೆ ಬಂದಿರುವ ಆ ರಾಚಪ್ಪನೇ, ದಿನಕ್ಕೊಂದೇ ಪುಟ ಓದಿ, ಪುಸ್ತಕ ಮುಚ್ಚಿ, ಓದಿದ್ದನ್ನು ಕಟ್ಟಿಹಾಕಿದ ಎಮ್ಮೆಗೂ ಹೇಳುವ ಹುಚ್ಚ, ಬಾಗಿಲಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದಾನೆ, ಕಿಸಿಯಲಿ, ಉತ್ತರ ನಲವತ್ತೆರಡನೆಯ ಪುಟದಲ್ಲಿದೆ, ಎಡಗಡೆ, ಕೆಳಗಿನಿಂದ ಮೂರನೆಯ ಸಾಲು, ಅದಕ್ಕೆ ಎರಡು ಗೆರೆ — ಗೆರೆ ಕಾಣುತ್ತದೆ, ಗೆರೆಯ ಮೇಲಿನ ಅಕ್ಷರ ಕಾಣುವುದಿಲ್ಲ, ಹಾಳಾದ್ದು ಒಂದಕ್ಷರವೂ ಇಲ್ಲ, ಇಪ್ಪತ್ತೆರಡು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮೊಣಕಾಲು ಸತ್ತಿವೆ, ಹುನಗುಂದದ ಡಾಕ್ಟರು ಹೇಳಿಬಿಟ್ಟಿದ್ದಾರೆ, ಇನ್ನೊಂದು ವರ್ಷ ಕುಣಿಗೆ ಇಳಿದಿ ಅಂದ್ರ ಮತ್ತ ನಡಿಯೂ ಹಂಗಿಲ್ಲ ನೋಡು, ಈ ನೌಕರಿ ತಪ್ಪಿದರೆ ಅದೇ ಕುಣಿ.

ಲಡಿಯ ಅಂಚು ಕಪ್ಪಿಡುತ್ತಿದೆ, ಕಪ್ಪಲ್ಲ, ನೀಲಿ, ಎಲ್ಲ ಸಂಗವ್ವನದೇ ತಪ್ಪು, ಹೆಂಡತಿಯಾದವಳು ತೆಪ್ಪಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಂಡು ಕೂಡಬೇಕು, ಅವನು ಜೋರಾಗಿ ಓದುವಾಗ ರಾಟೆ ನಿಲ್ಲಿಸಿ, ಪುಸ್ತಕ ಮುಚ್ಚಿಟ್ಟು ಹೇಳ್ರಿ ನೋಡೂಣು, ಏನ್ ತಿಳೀತು ಅಂದಳು — ಅಕ್ಷರ ಬಾರದವಳು ಪರೀಕ್ಷೆ ತೆಗೆದುಕೊಳ್ಳುವುದೇ, ಮೈಯೆಲ್ಲ ಉರಿದಿತ್ತು, ನಿನಗೇನ್ ತಿಳೀತೈತಿ, ಬಾಯಿ ಮುಚ್ಚು, ಅವಳು ಮುಚ್ಚಲಿಲ್ಲ, ದಾರದ ಮೇಲೆ ಕಣ್ಣಿಟ್ಟುಕೊಂಡೇ ತಾನೇ ಹೇಳಿದಳು, ಏನು ಹೇಳಿದಳು, ಹಾಂ, ಕಡಾಯಿಯೊಳಗ ಬಣ್ಣಕ್ಕ ಗಾಳಿ ಸಿಗೂದಿಲ್ಲ, ಹೊರಗ ಬಂದು ಗಾಳಿ ಕುಡದ ಮ್ಯಾಲೆ ನೀಲಿ ಆಗ್ತೈತಿ, ಅಷ್ಟ ಅಲ್ಲೇನ್ರಿ.

ಅಷ್ಟೇ, ನಾಲಿಗೆಯ ತುದಿಗೆ ಬಂದು ಕೂತಿದೆ, ಅವಳ ಮಾತು, ಅವಳ ದನಿ, ಅವಳ ಅಲ್ಲೇನ್ರಿ ಸಮೇತ, ಮೂರು ಸಲ ಓದಿದ್ದು ಅವನು, ಉಳಿದಿರುವುದು ಅವಳದು, ಇದನ್ನು ಹೇಳಿ ಗೆದ್ದರೆ ಸಾಯುವ ತನಕ ಉಣ್ಣಲು ಕೂತಾಗೆಲ್ಲ ಅವಳ ಮೋರೆ ನೋಡಬೇಕು, ಹೇಳಿಕೊಟ್ಟವಳ ಮೋರೆ, ಅದಕ್ಕಿಂತ ಕುಣಿಯೇ ಮೇಲು — ಅಂದಪ್ಪ, ಗೊತ್ತೈತೋ ಇಲ್ಲೋ, ಸಾಹೇಬ ಮತ್ತೆ ಕೇಳಿದ, ಬಾಗಿಲಲ್ಲಿ ರಾಚಪ್ಪ ಕೆಮ್ಮಿದ, ಅಂದಪ್ಪ ಹಲ್ಲು ಕಚ್ಚಿ ಅವಳ ಮಾತನ್ನು ನುಂಗಿದ, ಗೊತ್ತಿಲ್ರಿ ಸಾಹೇಬ್ರ, ಎಂದ, ಮತ್ತು ಕೋಲಿನ ಮೇಲೆ ನೀಲಿ, ಒಂದೆಳೆಯೂ ಹಸಿರುಳಿಯದ ನೀಲಿ, ನೀಲಿ