ಫ್ಲಾಪಿಯಲ್ಲಿ ಎರಡು ಚಮಚ ಸಕ್ಕರೆ

೧

ಎಲ್ಲಿಂದ ಶುರು ಮಾಡಲಿ ಎಂದು ಓದುಗರನ್ನೇ ಕೇಳುವ ಕಥೆಗಾರರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಶುರು ಮಾಡಪ್ಪಾ, ನಿನ್ನ ಕೈ ಯಾರು ಹಿಡಿದುಕೊಂಡಿದ್ದಾರೆ? ಆದರೆ ಈ ಸಲ ನನಗೂ ಅದೇ ಗತಿ. ಯಾಕೆಂದರೆ ಇದು ಕಂಪ್ಯೂಟರಿನ ಕಥೆ, ಮತ್ತು ಶುರುವಾಗುವುದು ಹೇಗೆಂದು ಕಂಪ್ಯೂಟರಿಗೂ ಗೊತ್ತಿರುವುದಿಲ್ಲ. ಸ್ವಿಚ್ಚು ಹಾಕಿದ ಗಳಿಗೆಯಲ್ಲಿ ಅದು ಹಸುಗೂಸು. ಒತ್ತಿದ ಅಕ್ಷರವನ್ನು ಎಲ್ಲಿ ತೋರಿಸಬೇಕು, ಬರೆದದ್ದನ್ನು ಎಲ್ಲಿಡಬೇಕು ಎಂದು ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ವಸ್ತುವಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಕಥೆಗಾರನಿಗೆ ಅಂಥದ್ದೊಂದು ಇದ್ದಿದ್ದರೆ ನೀವು ಇಷ್ಟು ಹೊತ್ತಿಗೆ ಬಳ್ಳಾರಿಯಲ್ಲಿರುತ್ತಿದ್ದಿರಿ.

೨ (ಮೊದಲ ಕರಡು, ಹರಿದು ಹಾಕಿದ್ದು)

ಕೋಟೆ ಗುಡ್ಡದ ಹಿಂದಿನಿಂದ ಸೂರ್ಯ ಮೆಲ್ಲನೆ ಮೇಲೇರುತ್ತಿದ್ದಂತೆ, ಅಡುಗೆ ಮನೆಯಲ್ಲಿ ಚನ್ನವೀರಮ್ಮ ಒಲೆ ಹೊತ್ತಿಸಿ...

"ಏ ಸರ, ನಿಲ್ರಿ ನಿಲ್ರಿ," ಎಂದಳು ಚನ್ನವೀರಮ್ಮ. "ಒಲಿ ಎಲ್ಲಿಂದ ತಂದ್ರಿ? ನಮ್ಮ ಮನ್ಯಾಗ ಗ್ಯಾಸ್ ಐತಿ. ನಾನು ಹೈಸ್ಕೂಲಿನಾಗ ಗಣಿತ ಹೇಳಾಕಿ. ಹೆಂಗಸು ಅಂದ ಕೂಡ್ಲೆ ಒಲಿ ಮುಂದ ಕುಂದ್ರಿಸ್ತೀರಲ್ಲ!"

(ಸರಿ. ತಪ್ಪಾಯಿತು. ಸೂರ್ಯನೂ ಬೇಡ. ಬಳ್ಳಾರಿಯಲ್ಲಿ ಅವನು ಮೆಲ್ಲನೆ ಏರಿದ್ದನ್ನು ಯಾರೂ ಕಂಡಿಲ್ಲ.)

೩

೧೯೮೮. ಪಾರ್ವತಿನಗರ. ಚನ್ನವೀರಮ್ಮನಿಗೆ ನಲವತ್ತೊಂದು. ಗಂಡ ತಿಪ್ಪೇರುದ್ರಪ್ಪ ಯಾರೋ ಊರು ಬಿಡುವವರ ಹತ್ತಿರ ಒಂದು ಹೋಮ್ ಕಂಪ್ಯೂಟರ್ ಕೊಂಡುತಂದು, ಟಿವಿಗೆ ಜೋಡಿಸಿ, ಒಂದು ತಿಂಗಳು ಅದರಲ್ಲಿ ಚೆಂಡಾಟ ಆಡಿ, ಬೇಸರವಾಗಿ ಬಿಟ್ಟಿದ್ದ. ಬಿಟ್ಟದ್ದನ್ನು ಚನ್ನವೀರಮ್ಮ ಹಿಡಿದಳು. ಅದಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತಿತ್ತು. ಅವಳು ಗ್ರಾಫ್ ಪುಸ್ತಕದಲ್ಲಿ ರಂಗೋಲಿಗೆ ಚುಕ್ಕಿ ಎಣಿಸುವ ಹಾಗೆ ಎಣಿಸಿ, ಚೌಕಕ್ಕೊಂದು ಚುಕ್ಕಿಯಿಟ್ಟು ಕನ್ನಡದ ಅಕ್ಷರಗಳನ್ನು ಕಟ್ಟಿದಳು. ಮುಗಿಸಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ತಿಪ್ಪೇರುದ್ರಪ್ಪ ಇಸ್ಪೀಟು ಕಲಿತು ಅದರಲ್ಲೂ ಬೇಸರಗೊಂಡಿದ್ದ.

ಆ ಅಕ್ಷರಗಳಿಗೆ ಸಿಕ್ಕಿದ ಒಬ್ಬಳೇ ವಿದ್ಯಾರ್ಥಿನಿ ಅವಳ ಅತ್ತೆ ಹೊನ್ನೂರಮ್ಮ. ವಯಸ್ಸು ಅರವತ್ತಾರು. ಮೊದಲು ಸ್ಲೇಟು ಕೊಟ್ಟು ನೋಡಿದ್ದಳು. ಮುದುಕಿ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತುಬಿಟ್ಟಿತು. ಟಿವಿಯ ಮುಂದೆ ಮಾತ್ರ ಯಾರೂ ಕರೆಯದೆ ಬಂದು ಕೂರುತ್ತಿತ್ತು. ಅಲ್ಲಿ ತಪ್ಪು ಅಕ್ಷರ ಒತ್ತಿದರೆ ಅಳಿಸಿ ಹೋಗುತ್ತದೆ. ಬೈಯುವವರಿಲ್ಲ, ನಗುವವರಿಲ್ಲ.

ಈ ವಯಸ್ಸಿನಲ್ಲಿ ಓದು ಯಾಕೆ ಎಂದು ಕೇಳುತ್ತೀರಿ. ದೇಶನೂರಿನಲ್ಲಿ ಹೊನ್ನೂರಮ್ಮನ ತವರಿನ ಗದ್ದೆ ಇದೆ. ಅದರಲ್ಲಿ ಅವಳ ಪಾಲನ್ನು ತಮ್ಮ ಕೊಟ್ರಬಸಪ್ಪನಿಗೆ ಬಿಟ್ಟುಕೊಡುವ ಪತ್ರ ಆಗಬೇಕಿತ್ತು. ಬರುವ ಗುರುವಾರ, ಸಿರುಗುಪ್ಪದ ರಿಜಿಸ್ಟರ್ ಆಫೀಸಿನಲ್ಲಿ. ಅಕ್ಕತಂಗಿಯರು ಬಿಟ್ಟುಕೊಡುವುದೇ ಅಲ್ಲಿಯ ರೂಢಿ, ಅದರ ಬಗ್ಗೆ ಅವಳಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ತಮ್ಮ ಹೇಳಿಕಳಿಸಿದ ಒಂದು ಮಾತಿಗೆ. "ಅಕ್ಕಾ, ನೀ ಏನೂ ಮಾಡೋದು ಬ್ಯಾಡ, ಬಂದು ಹೆಬ್ಬೆಟ್ಟು ಒತ್ತಿ ಹೋಗು."

"ಅವ ಸಾಲಿಗೆ ಹೋದಾಗ ನಾ ಎಮ್ಮಿ ಕಾದೀನಿ," ಎಂದಳು ಹೊನ್ನೂರಮ್ಮ. "ಹೊಲ ಬೇಕಾದ್ರ ಒಯ್ಯಲಿ. ಅವನ ಮುಂದ ಹೆಬ್ಬೆಟ್ಟು ಮಾತ್ರ ಒತ್ತಂಗಿಲ್ಲ."

(ಇದೇ ಈ ಕಥೆಯ ಎಲ್ಲ ಬಂಡವಾಳ. ಮುಂದೆ ನಾನು ಎಷ್ಟು ಕುಣಿದರೂ ನೀವು ಈ ಹೆಬ್ಬೆರಳಿನ ಮೇಲೆ ಕಣ್ಣಿಟ್ಟಿರಿ.)

೪

ಅಡ್ಡಿಯಾಗಿದ್ದದ್ದು ಕರೆಂಟು. ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹೋದಾಗಲೆಲ್ಲ ಯಂತ್ರ ಕನ್ನಡ ಮರೆತು ಇಂಗ್ಲಿಷಿನಲ್ಲೇ ಏಳುತ್ತಿತ್ತು. ಮತ್ತೆ ಅಕ್ಷರ ತುಂಬಿಸಲು ಹನ್ನೊಂದು ನಿಮಿಷ. ಹೊನ್ನೂರಮ್ಮ ಅಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಸಿಸ್ಟಮನ್ನೇ ತಿದ್ದೋಣವೆಂದರೆ ಕಂಪನಿಯವರ ಕಾಗದದಲ್ಲಿ ಮೂರೇ ಮಾತು: ಬಿಚ್ಚಬೇಡಿ, ತಿದ್ದಬೇಡಿ, ಕಾಪಿ ಮಾಡಬೇಡಿ.

ಆಗ ಬಂದವನು ಕುರುಗೋಡಿನ ಎರ್ರೆಪ್ಪ. ರೇಡಿಯೋ ರಿಪೇರಿಯವನು. ಕಂಪ್ಯೂಟರ್ ಹುಚ್ಚಿನವರ ಒಂದು ಕ್ಲಬ್ಬಿಗೆ ಕಾಗದ ಬರೆಯುತ್ತಿದ್ದ, ಅವರು ಟಪಾಲಿನಲ್ಲಿ ಫ್ಲಾಪಿ ಕಳಿಸುತ್ತಿದ್ದರು.

"ಇದು ಬ್ಯಾರೆ ಸಿಸ್ಟಮ್ಮು, ಟೀಚರ್. ಪುಕ್ಕಟೆ. ಒಳಗಿನ ಬರವಣಗಿ ಎಲ್ಲಾ ಬಿಚ್ಚಿ ಇಟ್ಟಾರ. ತಿದ್ರಿ, ಕಾಪಿ ಮಾಡ್ರಿ, ಮತ್ತೊಬ್ಬರಿಗೆ ಕೊಡ್ರಿ. ಫ್ಲಾಪಿ ಮಾತ್ರ ಗುರುವಾರ ವಾಪಸ್ ಬೇಕ್ರಿ, ಸಿರುಗುಪ್ಪದಾಗ ಒಬ್ರು ಕಾಯಾಕ ಹತ್ಯಾರ."

"ಪುಕ್ಕಟೆ ಯಾವನ್ ಕೊಡ್ತಾನ?" ಎಂದ ತಿಪ್ಪೇರುದ್ರಪ್ಪ. "ಒಳಗ ಏನರ ಕಿತಾಪತಿ ಇಟ್ಟಿರ್ತಾನ."

"ಮಠದಾಗ ಹೋಗಿ ಉಂಡು ಬರ್ತೀಯಲ್ಲ, ಅಲ್ಲಿ ಏನಿಟ್ಟಿದ್ರು?" ಎಂದಳು ತಾಯಿ. "ದಾಸೋಹ ಅಂತ ತಿಳ್ಕೊ. ಸುಮ್ಮನ ಕುಂದ್ರು."

ಕಂಪ್ಯೂಟರ್ ಪುಸ್ತಕಗಳು ನೂರು ಪುಟದಲ್ಲಿ ಹೇಳುವುದನ್ನು ಈ ಮುದುಕಿ ಒಂದು ಮಾತಿನಲ್ಲಿ ಮುಗಿಸಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

೫

ಮೊದಲ ದಿನ ಹೊಸ ಸಿಸ್ಟಮ್ ಏಳಲೇ ಇಲ್ಲ. ಎರಡನೆಯ ದಿನ ಎದ್ದು, ಪ್ರತಿ ಅಕ್ಷರವನ್ನೂ ಎರಡೆರಡು ಸಲ ತೋರಿಸಿತು. ಚನ್ನವೀರಮ್ಮ ಶಾಲೆಯಿಂದ ಬಂದವಳೇ ಚಪ್ಪಲಿ ಬಿಚ್ಚುವುದನ್ನೂ ಮರೆತು ಕೂರುತ್ತಿದ್ದಳು. ಒಳಗಿನ ಬರವಣಿಗೆಯನ್ನು ಸಾಲುಸಾಲಾಗಿ ಓದಿ, ಅಕ್ಷರಗಳ ಪಟ್ಟಿ ಎಲ್ಲಿದೆ ಎಂದು ಹುಡುಕಿ, ಅಲ್ಲಿ ತನ್ನ ಕನ್ನಡವನ್ನು ಕೂರಿಸಿದಳು. ಖಾಲಿ ಫ್ಲಾಪಿ ಇರಲಿಲ್ಲ, ಬೆಂಗಳೂರಿನಿಂದ ಪಾರ್ಸಲ್ ಬರಬೇಕಿತ್ತು. ಹೀಗಾಗಿ ಅಕ್ಷರಗಳನ್ನಿಟ್ಟಿದ್ದ ತನ್ನ ಒಂದೇ ಹಳೆಯ ಫ್ಲಾಪಿಯನ್ನು ಅಳಿಸಿ ಕರಡು ಕೆಲಸಕ್ಕೆ ಬಳಸಿ, ಎರಡು ವರ್ಷದ ಅಕ್ಷರಗಳನ್ನೆಲ್ಲ ಎರ್ರೆಪ್ಪನ ಫ್ಲಾಪಿಗೇ ಹಾಕಿದಳು. (ಗಣಿತದ ಟೀಚರ್ ಹೀಗೆ ಮಾಡಬಹುದೇ? ಮಾಡಿದಳು. ನಾನು ಬೇಡವೆಂದೆ. ನನ್ನ ಮಾತು ಯಾರು ಕೇಳುತ್ತಾರೆ?)

ಭಾನುವಾರ ಮಧ್ಯಾಹ್ನ ಸ್ವಿಚ್ಚು ಹಾಕಿದಳು. ಹನ್ನೊಂದು ನಿಮಿಷವಲ್ಲ, ಇಪ್ಪತ್ತೇ ಸೆಕೆಂಡು. ತೆರೆಯ ಮೇಲೆ ಒಂದೇ ಒಂದು ಪದ ಬಂತು.

"ಬ... ರ್ರಿ," ಎಂದು ಓದಿದಳು ಹೊನ್ನೂರಮ್ಮ. "ಬರ್ರಿ! ಯಾರನ್ನ ಕರಿಯಾಕ ಹತ್ತೈತಿ ಇದು?"

"ನಿಮ್ಮನ್ನರಿ."

ಮುದುಕಿ ಸೆರಗು ಸರಿಮಾಡಿಕೊಂಡು ಮುಂದೆ ಸರಿದು ಕೂತಳು. ಚನ್ನವೀರಮ್ಮನಿಗೆ ಆ ದಿನ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

೬

ಈಗ ಸಕ್ಕರೆ.

ಆ ಮನೆಯಲ್ಲಿ ಒಂದು ಪದ್ಧತಿ. ಪಕ್ಕದ ಮನೆಯವರು ಬಟ್ಟಲಲ್ಲಿ ಏನಾದರೂ ಕೊಟ್ಟರೆ ಆ ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಎರ್ರೆಪ್ಪನ ಫ್ಲಾಪಿ ವಾಪಸ್ಸು ಹೋಗಬೇಕೆಂದು ಹೊನ್ನೂರಮ್ಮ ಕೇಳಿಸಿಕೊಂಡಿದ್ದಳು. ಅದು ಬಾಯಿ ತೆರೆದ ಕಾಗದದ ಚೀಲದಲ್ಲಿತ್ತು. ಬುಧವಾರ ಬೆಳಿಗ್ಗೆ ಸೊಸೆ ಶಾಲೆಗೆ ಹೋದ ಮೇಲೆ ಮುದುಕಿ ಆ ಚೀಲಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕುಲುಕಿ, ಟಿವಿಯ ಮೇಲಿಟ್ಟಳು. ಒಂದು ಚಮಚ ರೂಢಿಗೆ, ಇನ್ನೊಂದು ಪ್ರೀತಿಗೆ.

ಮಧ್ಯಾಹ್ನ ಚನ್ನವೀರಮ್ಮ ಅವಸರದಲ್ಲಿ ಬಂದು ಫ್ಲಾಪಿ ಎಳೆದು ಡ್ರೈವಿಗೆ ತುರುಕಿದಳು. ಕರಕರ ಸದ್ದಾಯಿತು. ತೆರೆ ಕಪ್ಪಗೇ ಉಳಿಯಿತು. ಕೈಯಲ್ಲಿದ್ದ ಚೀಲದಿಂದ ಸಕ್ಕರೆ ಉದುರಿ ಸೀರೆಯ ಮೇಲೆ ಬಿತ್ತು.

"ಖಾಲಿ ಕೊಡಬಾರದಂತ ಹಾಕಿದ್ನೆವ್ವಾ," ಎಂದಳು ಹೊನ್ನೂರಮ್ಮ.

೭

ಇಲ್ಲಿ ನನ್ನ ಹತ್ತಿರ ಎರಡು ಕರಡುಗಳಿದ್ದವು. ಒಂದರಲ್ಲಿ ಸೊಸೆ ಕೂಗಾಡುತ್ತಾಳೆ. ಇನ್ನೊಂದರಲ್ಲಿ ಅತ್ತೆಯನ್ನು ತಬ್ಬಿಕೊಳ್ಳುತ್ತಾಳೆ. ಚನ್ನವೀರಮ್ಮ ಎರಡನ್ನೂ ಓದಿ ಹಿಂದಕ್ಕೆ ಕೊಟ್ಟಳು. "ಅಳು ಬಂತು, ಅತ್ತುಬಿಟ್ಟೆ. ಸಿಟ್ಟು ಬಂತು, ನುಂಗಿದೆ. ಅಷ್ಟು ಬರೀರಿ, ಸಾಕು. ನಂಗ ಬಸ್ ಹಿಡಿಯೋದೈತಿ."

ಕುರುಗೋಡಿನಲ್ಲಿ ಎರ್ರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬ್ಲೇಡಿನಿಂದ ಫ್ಲಾಪಿಯ ಹೊದಿಕೆ ಸೀಳಿ, ಒಳಗಿನ ತೆಳ್ಳನೆಯ ಬಿಲ್ಲೆಯನ್ನು ತೆಗೆದು, ಮೆಲ್ಲಗೆ ನೀರಿನಲ್ಲಿ ತೊಳೆದು, ಅಂಗಿ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟ.

"ಒಣಗಲಿ. ನಾಳೆ ಸಂಜಿಗೆ ಬ್ಯಾರೆ ಹೊದಿಕಿ ಹಾಕಿ ನೋಡ್ತೀನ್ರಿ. ಗೀರು ಬಿದ್ದಿದ್ರ ನಿಮ್ಮ ಅಕ್ಷರ ಹೋದಂಗ."

"ನಿಮ್ಮ ಫ್ಲಾಪಿ ಕೆಡಿಸಿದ್ವಲ್ರಿ."

"ಪರವಾಲೇದು, ಟೀಚರ್. ಇಷ್ಟು ವರ್ಷ ಎಲ್ರೂ ಖಾಲೀನ ಕೊಟ್ಟಾರ. ಏನರ ಹಾಕಿ ಕೊಟ್ಟೋರು ನಿಮ್ಮ ಅತ್ತೀನ ಮೊದಲು."

ಚನ್ನವೀರಮ್ಮ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೊನ್ನೂರಮ್ಮ ಗ್ರಾಫ್ ಪುಸ್ತಕ ತೆರೆದಿಟ್ಟುಕೊಂಡು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಚುಕ್ಕಿ ಇಡುತ್ತಿದ್ದಳು. ಎಂಟು ಸಾಲು, ಎಂಟು ಚುಕ್ಕಿ. ತನ್ನ ಹೆಸರಿನ ಅಕ್ಷರಗಳು ಅಂಗಳದ ತುಂಬ ಮಲಗಿದ್ದವು. ನಾನು ಪೆನ್ನು ಎತ್ತಿಕೊಂಡೆ.

"ಯಂತ್ರ ಸೋತು ರಂಗೋಲಿ ಗೆಲ್ತು ಅಂತ ಬರದೀರಿ, ನೋಡ್ರಿ ಮತ್ತ!" ಎಂದಳು ಚನ್ನವೀರಮ್ಮ. "ನಾಳಿದ್ದು ಪಾರ್ಸಲ್ ಬರ್ತೈತಿ. ಆ ಸಿಸ್ಟಮ್ ನಾ ಬಿಡಂಗಿಲ್ಲ."

(ಬರೆಯಲಿಲ್ಲ.)

೮

ಗುರುವಾರ, ಸಿರುಗುಪ್ಪ. ಮುಕ್ತಾಯಗಳು ತಯಾರಿವೆ, ಆರಿಸಿಕೊಳ್ಳಿ.

ಅ. ಕೈ ನಡುಗುತ್ತದೆ, ಹೆಬ್ಬೆಟ್ಟು ಒತ್ತುತ್ತಾಳೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.

ಆ. ಚೆಂದಾಗಿ ಸಹಿ ಹಾಕುತ್ತಾಳೆ. ಗುಮಾಸ್ತ ಎದ್ದು ನಿಂತು ಕೈಮುಗಿಯುತ್ತಾನೆ. (ಗುಮಾಸ್ತ ಒಪ್ಪಲಿಲ್ಲ. ನಾನು ಕೂತೇ ಇರುತ್ತೇನೆ ಎಂದ.)

ಇ. ಕಾಗದ ಹರಿದು ಹಾಕುತ್ತಾಳೆ.

"ಇವನ್ನೆಲ್ಲ ನಿನ್ನ ಹತ್ರಾನ ಇಟ್ಕೊಳಪ್ಪಾ," ಎಂದಳು ಹೊನ್ನೂರಮ್ಮ ನನಗೆ. ಅವಳ ಮುಂದೆ ನಾಲ್ಕು ಪುಟದ ಟೈಪು ಮಾಡಿದ ಪತ್ರವಿತ್ತು. ಕೊಟ್ರಬಸಪ್ಪ ಇಂಕ್ ಪ್ಯಾಡು ತೆರೆದು ಹಿಡಿದಿದ್ದ. ಚನ್ನವೀರಮ್ಮ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ಅತ್ತೆ ಎರಡನ್ನೂ ಮುಟ್ಟಲಿಲ್ಲ. ಮೊದಲ ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಏನ್ ಮಾಡಾಕ ಹತ್ತೀ ಅಕ್ಕಾ?"

"ಓದಾಕ ಹತ್ತೀನಿ."

"ನಾಲ್ಕು ಪುಟ ಅದಾವ! ಬಸ್ಸು ಹೋಗ್ತೈತಿ!"

"ಹೋಗ್ಲಿ ಬಿಡು. ನೀ ಸಾಲಿಗೆ ಹೋದಾಗ ಹತ್ತು ವರ್ಷ ಕಾದೀನಿ. ಒಂದು ಮಧ್ಯಾಹ್ನ ನೀನೂ ಕಾಯಿ."

ಗುಮಾಸ್ತ ಗಡಿಯಾರ ನೋಡಿದ. ನಾನೂ ನೋಡಿದೆ. ನನ್ನ ಪುಟವೂ ಮುಗಿಯುತ್ತ ಬಂದಿತ್ತು, ಅವಳು ಇನ್ನೂ ಆರನೆಯ ಸಾಲಿನಲ್ಲಿದ್ದಳು. ಬೇಗ ಓದಮ್ಮಾ ಎನ್ನಲು ಬಾಯಿ ತೆರೆದೆ. ಚನ್ನವೀರಮ್ಮ ನನ್ನನ್ನು ನೋಡಿದ ನೋಟಕ್ಕೆ ಮುಚ್ಚಿಕೊಂಡೆ.

"ಯಾವು... ದೇ... ಪ್ರ... ತಿ... ಫ... ಲ... ವಿಲ್ಲದೆ." ಬೆರಳು ಅಲ್ಲೇ ನಿಂತಿತು. ಹೊನ್ನೂರಮ್ಮ ತಲೆಯೆತ್ತಿದಳು. "ಕೊಟ್ರಾ, ನೀ ಸಾಲಿ ಕಲ್ತೋನು. ಪ್ರತಿಫಲ ಅಂದ್ರೇನೋ?"

ಕೊಟ್ರಬಸಪ್ಪ ಇಂಕ್ ಪ್ಯಾಡಿನ ಮುಚ್ಚಳ ಮುಚ್ಚಿದ, ಮತ್ತೆ ತೆರೆದ. ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಫ್ಯಾನಿನ ಕಡೆ ನೋಡಿದ. ಕೊನೆಗೆ ಕೊಟ್ರಬಸಪ್ಪ ನನ್ನ ಕಡೆ ತಿರುಗಿದ. ಆ ಪದದ ಅರ್ಥ ನನಗೆ ಗೊತ್ತು, ಇನ್ನೂ ಮೂರೂವರೆ ಪುಟ ಬಾಕಿ ಇರುವುದೂ ಗೊತ್ತು. ನಾನು ಯಾಕೆ ಹೇಳಲಿ? ಅಕ್ಕ ಕೇಳಿದ್ದು ಅವನನ್ನು.