ಬೂಸಾ ಮೂಟೆಯ ಹಿಂದಿನ ಕನ್ನಡಕ

ಹೊಳವನಹಳ್ಳಿ ಬಸ್ ನಿಲ್ದಾಣದ ಎದುರಿಗೆ ಹಿಂಡಿ, ಬೂಸಾ ಮಾರುವ ಕದರಪ್ಪನಿಗೆ ಅದುವರೆಗೆ ಜನ್ಮದಲ್ಲಿ ಒಂದು ಪಾರ್ಸೆಲ್ ಬಂದಿರಲಿಲ್ಲ. ಹಾಗಾಗಿ ಡೆಲಿವರಿಯವನು ಬೈಕು ನಿಲ್ಲಿಸಿ ಅವನ ಹೆಸರು ಕೂಗಿದಾಗ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಂಡಿನೋವಿಗೆ ಔಷಧಿ ತರಿಸಿದೆ ಎಂದು ಕದರಪ್ಪ ಕೇಳದವರಿಗೂ ಹೇಳಿದ. ಒಳಗಿರುವುದು ಔಷಧಿಯಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಿಡಿಗೇಶಿಗೆ ಮದುವೆಯಾಗಿ ಹೋಗಿದ್ದ ಮಗಳು ಅನುಷಾ ಫೋನಿನಲ್ಲೇ ಆರ್ಡರ್ ಮಾಡಿದ್ದ ಕನ್ನಡಕ ಅದು.

ಅನುಷಾ ಏಳನೇ ಕ್ಲಾಸಿನಿಂದಲೂ ಕನ್ನಡಕದ ಹುಡುಗಿ. ಪುಸ್ತಕ ಮೂಗಿನ ಹತ್ತಿರ ಹಿಡಿದರೆ ಓದಿಯಾಳು, ಆದರೆ ಕನ್ನಡಕ ತೆಗೆದರೆ ಬೀದಿಯ ಆ ತುದಿಯಲ್ಲಿ ಬರುತ್ತಿರುವುದು ಹಸುವೋ ಮನುಷ್ಯನೋ ಹೇಳಲಾರಳು. ಡಿಗ್ರಿ ಮುಗಿಸಿದಳು, ಗಂಡು ಹುಡುಕಲು ಶುರುವಾಯಿತು, ಬಂದವರು ಕಾಫಿ ಕುಡಿದು ಸೋಡಾ ಬುಡ್ಡಿ ಎಂದುಕೊಂಡು ಹೋದರು. ಕದರಪ್ಪನಿಗೆ ರಾತ್ರಿಯ ನಿದ್ದೆ ಹೋಯಿತು. ಮಿಡಿಗೇಶಿಯಿಂದ ಲೈನ್‌ಮನ್ ಯುವರಾಜ್ ನೋಡಲು ಬರುವ ದಿನ ಸಂಬಂಧ ತಂದಿದ್ದ ರೇಣುಕಯ್ಯ ಒಂದು ಉಪಾಯ ಹೇಳಿದ. ಒಂದು ಗಂಟೆ ಮಟ್ಟಿಗೆ ಕನ್ನಡಕ ತೆಗೆದಿಟ್ಟರೆ ಯಾರಪ್ಪನ ಗಂಟೇನೂ ಹೋಗುವುದಿಲ್ಲ ಎಂದ.

ಒಂದು ಗಂಟೆ ಎಂದಿದ್ದು ಧಾರೆಯವರೆಗೂ ಬೆಳೆಯಿತು. ಮಗಳನ್ನು ಕಳಿಸುವ ದಿನ ಕದರಪ್ಪ ಅವಳ ಕನ್ನಡಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಪರವಾಗಿರಲಿಲ್ಲ. ಹೆತ್ತ ತಾಯಿ ಚಿಕ್ಕಹನುಮಕ್ಕನ ತಲೆಯ ಮೇಲೆ ಮಗಳ ಕೈ ಇಡಿಸಿ, ಒಂದು ಮಗುವಾಗುವವರೆಗೆ ಕಣ್ಣಿನ ವಿಷಯ ಆ ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿದ. ಚಿಕ್ಕಹನುಮಕ್ಕ ಬೇಡ ಎಂದಳು. ಅವಳ ಮಾತನ್ನು ಆ ಮನೆಯಲ್ಲಿ ಯಾವತ್ತು ಕೇಳಿದ್ದರು?

ಗಂಡನ ಮನೆ ಸೇರಿ ತಿಂಗಳಾಗುವುದರೊಳಗೆ ಅನುಷಾ ಸೋತಳು. ಒಂದು ದಿನ ಫೋನಿನಲ್ಲಿ ದನಿ ತಗ್ಗಿಸಿ, ತುಂಬಾ ಅಗ್ಗದ್ದೊಂದು ಆರ್ಡರ್ ಮಾಡಿದ್ದೇನೆ ಎಂದು ಅಪ್ಪನಿಗೆ ಹೇಳಿದಳು. ಕಣ್ಣಿನ ಡಾಕ್ಟರ ಹಳೇ ಚೀಟಿಯ ಫೋಟೊ ನೋಡಿ ನಂಬರು ಹಾಕಿದ್ದಳು, ವಿಳಾಸ ಅಂಗಡಿಯದು, ಮೆಸೇಜು ಬರುವ ಮೊಬೈಲು ಅಪ್ಪನದು ಕೊಟ್ಟಿದ್ದಳು.

"ಒಳ್ಳೇ ಕನ್ನಡಕ ನಿನ್ನ ಬೀರುವಾಗೇ ಇರ್ಲಿ ಬುಡಪ್ಪ. ಇದು ಸ್ಪೇರು. ಸೀರೆ ಮಡಿಕೆ ಒಳಗೆ ಇಟ್ಕೊಂಡಿರ್ತೀನಿ, ಯಾರೂ ಇಲ್ದಾಗ ಹಾಕ್ಕೊಂತೀನಿ. ನೀನು ಬರೋವಾಗ ತಂದ್ಕೊಡು."

ಯುಗಾದಿ ಕಳೆದ ವಾರವೇ ಅದು ಬಂತು. ಕದರಪ್ಪ ಅದನ್ನು ಬೂಸಾ ಮೂಟೆಗಳ ಹಿಂದಿನ ಹಲಗೆಯ ಮೇಲೆ ತಳ್ಳಿದ. ಸೀರೆ ಮಡಿಕೆಯೊಳಗಿನದು ಅತ್ತೆಯ ಕೈಗೆ ಸಿಕ್ಕರೆ? ಮೋಸ ಮಾಡಿ ಮದುವೆ ಮಾಡಿದರು ಎಂದು ಮಗಳನ್ನು ವಾಪಸು ತಂದು ಬಿಟ್ಟರೆ? ಅನುಷಾ ಕೇಳಿದಾಗಲೆಲ್ಲ ಇನ್ನೂ ಬಂದಿಲ್ಲ ಎಂದ. ಮಗಳ ಒಳ್ಳೆಯದಕ್ಕೇ ಸುಳ್ಳು ಹೇಳುತ್ತಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ. ಅಂಥ ಸುಳ್ಳುಗಾರನಿಗೆ ನಿದ್ದೆಯೂ ಚೆನ್ನಾಗಿಯೇ ಬರುತ್ತದೆ. ಹೀಗೆ ಒಂದು ಕನ್ನಡಕ ಬೀರುವಿನಲ್ಲಿ, ಇನ್ನೊಂದು ಬೂಸಾದ ಧೂಳಿನಲ್ಲಿ, ಅವುಗಳನ್ನು ಹಾಕಿಕೊಳ್ಳಬೇಕಾದ ಕಣ್ಣು ಮಿಡಿಗೇಶಿಯಲ್ಲಿ ಉಳಿದವು.

ಗೌರಿ ಹಬ್ಬ ಬಂತು. ಮೊದಲ ವರ್ಷದ ಬಾಗಿನ, ತವರಿನವರು ಕೊಡಲೇಬೇಕು. ಚಿಕ್ಕಹನುಮಕ್ಕ ಮೊರದ ಬಾಗಿನ, ಬಳೆ, ಸೀರೆ ಎಲ್ಲ ಕಟ್ಟಿಕೊಟ್ಟಳು. ಹೊರಡುವಾಗ ಕದರಪ್ಪನಿಗೆ ಏನನ್ನಿಸಿತೋ, ಅಂಗಡಿಗೆ ಹೋಗಿ ಆ ಡಬ್ಬಿಯನ್ನೂ ಚೀಲದ ತಳಕ್ಕೆ ಹಾಕಿಕೊಂಡ. ಕೊಡುವುದೆಂದೇನೂ ತೀರ್ಮಾನ ಮಾಡಿರಲಿಲ್ಲ. ಕೊರಟಗೆರೆ ದಾಟಿ ಮಧುಗಿರಿಯಲ್ಲಿ ಬಸ್ಸು ಬದಲಿಸುವವರೆಗೂ ಕೊಡೋಣ ಎನ್ನಿಸಿತ್ತು, ಮಿಡಿಗೇಶಿಯಲ್ಲಿ ಇಳಿಯುವಾಗ ಬೇಡ ಎನ್ನಿಸಿತು.

ಅನುಷಾ ಸೊರಗಿಹೋಗಿದ್ದಳು. ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು, ಬಂತಾ ಎಂದು ಪಿಸುಗುಟ್ಟಿದಳು. ಇಲ್ಲ ಕಣವ್ವ ಎಂದ. ಕಂಪನಿಯವರು ಟೋಪಿ ಹಾಕಿರಬೇಕು, ಹಾಳಾಗಿ ಹೋಗಲಿ ಎಂದು ಅವಳು ಅಪ್ಪನನ್ನೇ ಸಮಾಧಾನ ಮಾಡಿದಳು. ಚೀಲ ಅವನ ಕಾಲ ಬಳಿಯೇ ಇತ್ತು.

ಊಟವಾದ ಮೇಲೆ ಅತ್ತೆ ನರಸಮ್ಮ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಳು. ಕೆಟ್ಟ ಹೆಂಗಸಲ್ಲ, ಆದರೆ ಮನಸ್ಸಿನಲ್ಲಿ ಇದ್ದದ್ದನ್ನು ಇಟ್ಟುಕೊಳ್ಳುವವಳೂ ಅಲ್ಲ. ಸೊಸೆ ಕೆಲಸಬೊಗಸೆಯಲ್ಲಿ ಚುರುಕು, ಅದಕ್ಕೆ ಎರಡು ಮಾತಿಲ್ಲ ಎಂದಳು. ಆದರೆ ಬೀದಿಯಲ್ಲಿ ಎದುರಿಗೆ ಬಂದವರನ್ನು ಕಣ್ಣೆತ್ತಿ ಮಾತಾಡಿಸುವುದಿಲ್ಲ. ನರಸಮ್ಮನ ಸ್ವಂತ ಅಕ್ಕ ರಸ್ತೆಯ ಆಚೆಯಿಂದ ನಕ್ಕರೆ ಅವರನ್ನೇ ನೆಟ್ಟಗೆ ನೋಡಿ ಮುಖ ತಿರುಗಿಸಿ ಹೋದಳಂತೆ. ಅವರು ಅಂದಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ. ಓದಿದ ಸೊಸೆಯ ಸೊಕ್ಕು ಎಂದು ಊರೆಲ್ಲ ಆಡಿಕೊಳ್ಳುತ್ತಿದೆ.

ಮಗಳಿಗೆ ದೂರದ್ದು ಕಾಣುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅನುಷಾ ಕಿವಿಗೊಟ್ಟು ನಿಂತಿದ್ದಳು. ಅವಳ ಬಾಯಿಗೆ ಆಣೆಯ ಬೀಗ ಬಿದ್ದಿತ್ತು, ಕದರಪ್ಪನ ಬಾಯಿಗೆ ಯಾರೂ ಹಾಕಿರಲಿಲ್ಲ. ಅಳಿಯ ಯುವರಾಜನೂ ಕಂಬಕ್ಕೆ ಒರಗಿ ಮಾವನನ್ನೇ ನೋಡುತ್ತಿದ್ದ.

"ಚಿಕ್ಕಂದಿನಿಂದ ಅಂಗೇ ಕಣಮ್ಮ," ಎಂದ ಕದರಪ್ಪ. "ಒಬ್ಬಳೇ ಮಗಳು ಅಂತ ಮುದ್ದು ಮಾಡಿ ಕೆಡಿಸ್ಬುಟ್ವಿ."

ಅಷ್ಟು ಸಾಲದೆಂಬಂತೆ ಮಗಳ ಕಡೆ ತಿರುಗಿ ದನಿ ಏರಿಸಿದ. "ಯಾರೇ ಎದುರಿಗೆ ಬರ್ಲಿ, ನೀನೇ ಮೊದ್ಲು ನಕ್ಕು ಮಾತಾಡಿಸ್ಬೇಕು. ನಮ್ಮ ಮಾನ ಕಳೀಬೇಡ."

ಆಯ್ತಪ್ಪ ಎಂದಳು ಅನುಷಾ. ಅತ್ತೆಗೆ ಸಮಾಧಾನವಾಯಿತು. ಕದರಪ್ಪನಿಗೂ ಗಂಡಾಂತರದಿಂದ ಪಾರಾದಂತಾಗಿ, ಇನ್ನೊಂದು ಎಲೆ ಅಡಿಕೆ ಹಾಕಿಕೊಂಡ.

ಬಸ್ಸಿನವರೆಗೆ ಯುವರಾಜ್ ಜೊತೆಗೆ ಬಂದ. ನಿಲ್ದಾಣದಲ್ಲಿ ನಿಂತ ಮೇಲೆ, ದನಿ ಏರಿಸದೆಯೇ ಶುರು ಮಾಡಿದ.

"ಹೆಣ್ಣು ನೋಡೋಕೆ ಬಂದ ದಿನಾನೇ ಅವಳ ಮೂಗಿನ ಎರಡೂ ಕಡೆ ಕನ್ನಡಕದ ಗುರುತು ನೋಡಿದ್ದೆ ಮಾವ. ನಂಗದು ದೊಡ್ಡ ವಿಷ್ಯ ಆಗಿರ್ಲಿಲ್ಲ. ಅವಳೇ ಹೇಳ್ಲಿ ಅಂತ ಸುಮ್ನಿದ್ದೆ. ಕೇಳಿದ್ರೆ, ಎಲ್ಲಾ ಕಾಣುತ್ತೆ ಅಂತಾಳೆ, ಆಮೇಲೆ ಅಳ್ತಾಳೆ. ಇವತ್ತು ಅಮ್ಮನ ಮುಂದೆ ನೀವಾದ್ರೂ ಹೇಳ್ತೀರ ಅಂತ ಕಾದೆ. ನೀವೂ ಸೊಕ್ಕು ಅಂದ್ಬುಟ್ರಿ."

ಯಾರಿಗೆ ಗೊತ್ತಾಗಬಾರದೆಂದು ಮಗಳನ್ನು ಇಷ್ಟು ದಿನ ಕುರುಡಿಯಂತೆ ಇಟ್ಟಿದ್ದನೋ ಅವನಿಗೆ ಮೊದಲ ದಿನವೇ ಗೊತ್ತಿತ್ತು. ಬೀಗ, ಆಣೆ, ಸುಳ್ಳು, ಎಲ್ಲ ಯಾರಿಗಾಗಿ ಮಾಡಿದ್ದು? ಕದರಪ್ಪ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದು ಅಳಿಯನ ಕೈಗೆ ಕೊಟ್ಟ, ಆಣೆಯ ವಿಷಯವನ್ನೂ ತಡವರಿಸುತ್ತ ಹೇಳಿದ. ಯುವರಾಜ್ ಡಬ್ಬಿಯನ್ನು ತಿರುಗಿಸಿ ನೋಡಿ, ಯಾವಾಗ ಬಂದಿದ್ದು ಎಂದು ಕೇಳಿದ. ಯುಗಾದಿ ಆದ ಮೇಲೆ ಎಂದು ಕದರಪ್ಪ ನೆಲ ನೋಡುತ್ತ ಹೇಳಿದ.

ಯುವರಾಜ್ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

"ತಪ್ಪು ನಂದೂ ಐತೆ. ಮಧುಗಿರಿಗೆ ಕರ್ಕೊಂಡೋಗಿ ನಾನೇ ಒಂದು ಮಾಡಿಸ್ಬೋದಿತ್ತು," ಎಂದು ಡಬ್ಬಿಯನ್ನು ಹಿಂದಕ್ಕೆ ಕೊಟ್ಟ. "ಇದನ್ನ ಮಾತ್ರ ನೀವೇ ಕೊಟ್ಟು ಬನ್ನಿ."

ಬಸ್ಸು ಬಂತು, ಹೋಯಿತು. ಯುವರಾಜನನ್ನು ನಿಲ್ದಾಣದಲ್ಲೇ ಬಿಟ್ಟು ಕದರಪ್ಪ ಒಬ್ಬನೇ ಬೀಗರ ಬೀದಿಯ ಕಡೆ ಹೆಜ್ಜೆ ಹಾಕಿದ. ಮೊದಲು ನರಸಮ್ಮನನ್ನು ಕರೆದು ನಿಜ ಹೇಳಬೇಕು. ಅವಳ ಅಕ್ಕನ ಮನೆಗೂ ಹೋಗಿ ಕೈ ಮುಗಿಯಬೇಕು. ಮಗಳಿಗೆ ಏನೆಂದು ಹೇಳುವುದು, ಅದೊಂದೇ ಹೊಳೆಯಲಿಲ್ಲ.

ಅನುಷಾ ಮನೆ ಮುಂದೆ ಕಸ ಗುಡಿಸುತ್ತಿದ್ದಳು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಜ್ಜೆಯ ಸದ್ದಿಗೆ ತಲೆಯೆತ್ತಿ ನೇರ ಅವನ ಕಡೆಗೇ ನೋಡಿದಳು, ನೋಡಿ ನಕ್ಕಳು. ಕದರಪ್ಪನಿಗೆ ಜೀವ ಬಂದಂತಾಯಿತು. ಅತ್ತೆ, ಗಂಡನ ಮುಂದೆ ಬಯ್ದಿದ್ದರೂ ಮಗಳಿಗೆ ತನ್ನ ಮೇಲೆ ಸಿಟ್ಟಿಲ್ಲವಲ್ಲ ಎಂದುಕೊಂಡ.

ಅವಳು ಪೊರಕೆ ಕೆಳಗಿಟ್ಟಳು. ಸೆರಗು ಹೊದ್ದುಕೊಂಡಳು. ಎರಡೂ ಕೈ ಜೋಡಿಸಿದಳು.

"ನಮಸ್ಕಾರ, ಚೆನ್ನಾಗಿದ್ದೀರಾ? ಅತ್ತೆ ಒಳಗವ್ರೆ, ಬನ್ನಿ."

ಕದರಪ್ಪನ ಕಾಲು ಅಲ್ಲೇ ನಿಂತಿತು. ಬಾಯಿ ತೆರೆದರೆ ದನಿಯಿಂದ ಗುರುತು ಹಿಡಿಯುತ್ತಾಳೆ, ಆದರೆ ಬಾಯಿ ತೆರೆಯಲು ಅವನಿಗೆ ಆಗಲಿಲ್ಲ. ಬಂದ ಹಿರಿಯರು ಸುಮ್ಮನೆ ನಿಂತಿದ್ದು ಕಂಡು, ತನ್ನ ಮಾತು ಅವರಿಗೆ ಕೇಳಿಸಲಿಲ್ಲವೇನೋ, ಇವರೂ ಬೇಜಾರು ಮಾಡಿಕೊಂಡು ಹೋಗಿಬಿಟ್ಟಾರೇನೋ ಎಂದು ಅನುಷಾ ಇನ್ನಷ್ಟು ನಕ್ಕು, ಸ್ವಲ್ಪ ಜೋರಾಗಿ, ಮತ್ತೊಮ್ಮೆ ಒಳಗೆ ಕರೆದಳು.